ಆರ್ಲನ್ ಬ್ರೆಕೆಯ ಹಿಂದಿದ್ದ ಗೋಡೆ

ನಮ್ಮ ಟಾಮರಾಕ್ ಫಾಲ್ಸ್‌ನಲ್ಲಿ ಯಾರು ಏನು ಕೊಟ್ಟರೂ ಮೂರು ಸಲ ಬೇಡ ಎನ್ನಬೇಕು. ಮೊದಲನೆಯ "ಬೇಡ" ಮರ್ಯಾದೆಗೆ, ಎರಡನೆಯದು ಅಭ್ಯಾಸಬಲಕ್ಕೆ, ಮೂರನೆಯದು ಕೊಡುವವರ ಮನಸ್ಸು ಗಟ್ಟಿಯಿದೆಯೇ ಎಂದು ನೋಡುವುದಕ್ಕೆ. ನಾಲ್ಕನೆಯ ಸಲಕ್ಕೆ ತೆಗೆದುಕೊಳ್ಳಬಹುದು. ಒಂದು ಮಾರ್ಚ್‌ನಲ್ಲಿ ಸರೋವರದ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ನಮ್ಮ ಪಾದ್ರಿ, ದಡದಿಂದ ಎಸೆದ ಹಗ್ಗವನ್ನು "ಅಯ್ಯೋ, ನಿಮಗ್ಯಾಕೆ ತೊಂದರೆ" ಎಂದು ಮೂರು ಸಲ ದೂಡಿ ಆಮೇಲೆ ಹಿಡಿದುಕೊಂಡರು. ಮಿನೆಸೋಟದ ಉಳಿದ ಊರುಗಳಲ್ಲೂ ಈ ಪದ್ಧತಿ ಇದೆ. ಆದರೆ ಅಲ್ಲಿನವರು ಪ್ರಾಣಕ್ಕೆ ಬಂದಾಗ ಎರಡಕ್ಕೇ ಮುಗಿಸುತ್ತಾರಂತೆ.

ಇಂಥ ಊರಿನಲ್ಲಿ ಒಬ್ಬ ಮನುಷ್ಯ ನಿಜ ಹೇಳಲು ಹೊರಟರೆ ಅವನ ಗತಿ ಏನಾಗುತ್ತದೆ ಎನ್ನುವುದಕ್ಕೆ ಆರ್ಲನ್ ಬ್ರೆಕೆ ಸಾಕ್ಷಿ.

ಆರ್ಲನ್ ಬ್ರೆಕೆ ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಹೆಂಡತಿ ಮಾರ್ಲಿಸ್. ಮಾರ್ಲಿಸ್‌ಗೆ ಫಾರ್ಗೋ ಪಟ್ಟಣದಲ್ಲಿ ವರ್ನಾ ಎಂಬ ಅಕ್ಕ. ಆರ್ಲನ್ ಗೋಡೆಗೆ ಒಂದು ಕ್ಯಾಲೆಂಡರ್ ಕೂಡ ನೆಟ್ಟಗೆ ನೇತುಹಾಕಲಾರ ಎಂಬುದು ವರ್ನಾಳ ಅಭಿಪ್ರಾಯ. ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಮೊದಲ ಬಾರಿಗೆ ಹೇಳಿದ ಈ ಮಾತನ್ನು ಅವಳು ಪ್ರತಿ ಭಾನುವಾರ ಫೋನಿನಲ್ಲಿ ತಂಗಿಗೆ ನೆನಪಿಸುತ್ತಿದ್ದಳು. ಮಾರ್ಲಿಸ್ ಎದುರಾಡುತ್ತಿರಲಿಲ್ಲ. ಆಡಲು ಅವಳ ಬಳಿ ಸಾಮಗ್ರಿ ಇರಲಿಲ್ಲ.

ನವೆಂಬರಿನಲ್ಲಿ ಮಾರ್ಲಿಸ್ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಚಳಿಗಾಲ ಮುಗಿಯುವವರೆಗೆ ಮೆಟ್ಟಿಲು ಹತ್ತಿಳಿಯುವ ಹಾಗಿರಲಿಲ್ಲ. ಆಗ ಆರ್ಲನ್ ಒಂದು ಮಾತು ಕೊಟ್ಟ: ಮನೆಯ ನೆಲಮಾಳಿಗೆಯಲ್ಲಿ ಸೇರಿರುವ ಕಸವನ್ನೆಲ್ಲ ತೆಗೆದು, ಗೋಡೆಗೆ ಓಕ್ ಹಲಗೆ ಹೊದಿಸಿ, ಓದುವ ಕೋಣೆ ಮಾಡುತ್ತೇನೆ. ದಿನಾ ಬೆಳಿಗ್ಗೆ ತಿಂಡಿ ತಿಂದು ಸುತ್ತಿಗೆ ಹಿಡಿದು ಕೆಳಗಿಳಿಯುತ್ತಿದ್ದ. ಅಲ್ಲಿ ಹಳೆಯ ಒರಗುಕುರ್ಚಿಯಲ್ಲಿ ಕೂತು ಮೀನು ಹಿಡಿಯುವ ವಿಡಿಯೊ ನೋಡುತ್ತ, ಆಗಾಗ ನೆನಪಾದಾಗ ಸುತ್ತಿಗೆಯಿಂದ ಪೈಪಿಗೆ ಎರಡು ಏಟು ಹೊಡೆಯುತ್ತಿದ್ದ. ಮೇಲೆ ಅಡುಗೆಮನೆಯಲ್ಲಿ ಮಾರ್ಲಿಸ್ ಆ ಸದ್ದು ಕೇಳಿ, "ಪಾಪ, ಸ್ವಲ್ಪ ಸುಧಾರಿಸ್ಕೊಳೋ" ಎಂದು ಕೂಗುತ್ತಿದ್ದಳು. ಅವನು ಸುಧಾರಿಸಿಕೊಳ್ಳುತ್ತಿದ್ದ. ಅಷ್ಟು ಮಟ್ಟಿಗೆ ವಿಧೇಯ ಗಂಡ.

ಊರಿನ ಸಾರ್ವಜನಿಕ ಗ್ರಂಥಾಲಯದವರು ಆ ಚಳಿಗಾಲ ಪ್ರತಿ ಗುರುವಾರ ಮಧ್ಯಾಹ್ನ ಕಲೆ ಮತ್ತು ಚರಿತ್ರೆಯ ಬಗ್ಗೆ ಆನ್‌ಲೈನ್ ಉಪನ್ಯಾಸ ಇಟ್ಟಿದ್ದರು. ಕಲೆಯ ಮೇಲೆ ನಮ್ಮೂರಿಗೆ ದ್ವೇಷವೇನೂ ಇಲ್ಲ. ಅದಲ್ಲದೆ ಈ ಉಪನ್ಯಾಸಕ್ಕೆ ಬೂಟು ಹಾಕಿಕೊಳ್ಳುವ ಅಗತ್ಯವಿರಲಿಲ್ಲ. ಮಾರ್ಲಿಸ್ ಅಡುಗೆಮನೆಯ ಮೇಜಿನ ಮೇಲೆ ಟ್ಯಾಬ್ ನಿಲ್ಲಿಸಿಕೊಂಡು ಸೇರುತ್ತಿದ್ದಳು. ಆರ್ಲನ್ ಕೆಳಗೆ ಲ್ಯಾಪ್‌ಟಾಪ್‌ನಲ್ಲಿ, ಕ್ಯಾಮೆರಾ ಮುಚ್ಚಿಕೊಂಡು ಹಾಜರಿ ಹಾಕುತ್ತಿದ್ದ. ವರ್ನಾ ಕೂಡ ಫಾರ್ಗೋದಿಂದ ಆಗಾಗ ಸೇರುತ್ತಿದ್ದಳು, ಮುಖ ಮಾತ್ರ ತೋರಿಸುತ್ತಿರಲಿಲ್ಲ.

ಫೆಬ್ರವರಿಯ ಒಂದು ಗುರುವಾರ ಗ್ರಂಥಪಾಲಕಿ ಕೊರಿನ್, "ಎಲ್ರೂ ಕ್ಯಾಮೆರಾ ಹಾಕ್ರಪ್ಪ, ಶಿಕಾಗೋದಿಂದ ಪ್ರೊಫೆಸರ್ ಬಂದಿದಾರೆ. ಕಪ್ಪು ಚೌಕಗಳಿಗೆ ಪಾಠ ಹೇಳೋದು ಹೇಗೆ?" ಎಂದಳು. ಆರ್ಲನ್‌ನ ಹಿಂದೆ ಮೀನಿನ ಬಲೆ, ಕೆಟ್ಟ ಫ್ರಿಜ್ಜು, ಸತ್ತುಹೋದ ಅಪ್ಪನ ಟೈರುಗಳು, ಮಕ್ಕಳ ಹಳೆಯ ಜಾರುಬಂಡಿ ಎಲ್ಲ ಸೂರಿನವರೆಗೆ ಒಟ್ಟಿಕೊಂಡಿದ್ದವು. ಹಿನ್ನೆಲೆ ಬದಲಿಸಲು ಗಡಿಬಿಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತಿದ. ಮೊದಲು ಹಿಂದೆ ಸಮುದ್ರದ ದಡ ಬಂತು. "ಆರ್ಲನ್ ಫ್ಲಾರಿಡಾಕ್ಕೆ ಹೋಗಿದಾನಾ?" ಎಂದು ಯಾರೋ ಕೇಳಿದರು. ಇನ್ನೊಂದು ಸಲ ಒತ್ತಿದ. ಓಕ್ ಹಲಗೆಯ ಗೋಡೆ ಬಂತು. ಎಡಕ್ಕೆ ಹಿತ್ತಾಳೆಯ ದೀಪ, ಬಲಕ್ಕೆ ಪುಸ್ತಕದ ಕಪಾಟು, ನಡುವೆ ಚಿನ್ನದ ಚೌಕಟ್ಟಿನಲ್ಲಿ ಒಂದು ವರ್ಣಚಿತ್ರ: ಸರೋವರ, ದಡದಲ್ಲೊಂದು ಒಂಟಿ ಮರ, ಮರದಡಿಯಲ್ಲಿ ನೋಡುವವರಿಗೆ ಬೆನ್ನು ಹಾಕಿ ನಿಂತ ಹಸು.

"ಆರ್ಲನ್!" ಎಂದು ಮಾರ್ಲಿಸ್ ಕಿರುಚಿದ್ದು ಅಡುಗೆಮನೆಯಿಂದಲೂ ಕೇಳಿಸಿತು, ಲ್ಯಾಪ್‌ಟಾಪ್‌ನಿಂದಲೂ ಕೇಳಿಸಿತು. "ಮುಗಿಸೇ ಬಿಟ್ಯಲ್ಲೋ! ಒಂದು ಮಾತು ಹೇಳಲಿಲ್ಲ!"

ಇಡೀ ಊರು ನೋಡುತ್ತಿತ್ತು. ಆರ್ಲನ್ ಬಾಯಿ ತೆರೆದ. "ಇನ್ನೂ... ಸ್ವಲ್ಪ ಕೆಲಸ ಬಾಕಿ ಇದೆ" ಎಂದ.

ಅದು ಸುಳ್ಳಲ್ಲ ಎಂದು ಅವನು ಇವತ್ತಿಗೂ ವಾದಿಸುತ್ತಾನೆ.

ಪ್ರೊಫೆಸರ್ ಇಮೊಜೆನ್ ಹಾಲ್‌ಕ್ರಾಫ್ಟ್ ಅಂದು ಮಾತಾಡಬೇಕಿದ್ದದ್ದು ಎಲೈಜಾ ಥಾರ್ನ್ ಎಂಬ ಅಲೆಮಾರಿ ಚಿತ್ರಕಾರನ ಬಗ್ಗೆ. ಅವನು ನೂರೈವತ್ತು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಊರೂರು ತಿರುಗಿ, ಊಟಕ್ಕೆ ಬದಲು ಚಿತ್ರ ಬರೆದುಕೊಟ್ಟು ಹೋದವನು. ಅವನಿಗೆ ಹಸುವಿನ ಮುಖ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಅವನ ಹಸುಗಳೆಲ್ಲ ಆ ಕಡೆ ತಿರುಗಿ ನಿಂತಿರುತ್ತವೆ. ಪ್ರೊಫೆಸರ್ ಈ ಒಂದು ವಿಷಯದ ಮೇಲೆ ಎರಡು ಪುಸ್ತಕ ಬರೆದಿದ್ದರು. ಮಾತಿನ ನಡುವೆ ಅವರ ಕಣ್ಣು ಆರ್ಲನ್‌ನ ಚೌಕದ ಮೇಲೆ ಬಿತ್ತು. ಮಾತು ನಿಂತಿತು.

"ಬ್ರೆಕೆ ಅವರೇ, ನಿಮ್ಮ ಹಿಂದಿರೋ ಆ ಚಿತ್ರ... ಅದು ನಿಮಗೆ ಎಲ್ಲಿ ಸಿಕ್ತು?"

"ಅಯ್ಯೋ, ಅದೇನೂ ಇಲ್ಲ ಬಿಡಿ."

"ಏನೂ ಇಲ್ಲ ಅಂದ್ರೆ? ಆ ಹಸು..."

"ನಿಜವಾಗ್ಲೂ ಏನೂ ಇಲ್ಲ ಮೇಡಂ. ಅದು ಅಸಲಿ ಅಲ್ಲ."

ಆಗ ಪಕ್ಕದ ಮನೆಯ ಮಿಲ್ಟನ್ ಓಡೆಗಾರ್ಡ್ ಮೈಕ್ ಹಾಕಿದ. ಮಿಲ್ಟನ್ ನಮ್ಮೂರಿನ ಇತಿಹಾಸ ಸಂಘದ ಅಧ್ಯಕ್ಷ. ಸಂಘದ ಬಳಿ ಇರುವ ಇತಿಹಾಸವೆಂದರೆ ಒಂದು ಬೆಣ್ಣೆ ಕಡೆಯುವ ಯಂತ್ರ. "ಪ್ರೊಫೆಸರ್, ನೀವು ಶಿಕಾಗೋದವರು, ನಿಮಗೆ ತಿಳಿಯೋಲ್ಲ. ನಮ್ಮಲ್ಲಿ ಏನೂ ಇಲ್ಲ ಅಂದ್ರೆ ಬೇಕಾದಷ್ಟಿದೆ ಅಂತ. ಇನ್ನೊಂದ್ಸಲ ಕೇಳಿ."

ಪ್ರೊಫೆಸರ್ ಇನ್ನೊಂದು ಸಲ ಕೇಳಿದರು. ಆರ್ಲನ್ ಮೂರನೆಯ ಬಾರಿಗೆ, "ಖಂಡಿತ ಇಲ್ಲ" ಎಂದ. ಅಷ್ಟೂ ಚೌಕಗಳಲ್ಲಿ ತಲೆಗಳು ಮೇಲೆ ಕೆಳಗೆ ಆಡಿದವು. ಮೂರಾಯಿತು, ಖಾತ್ರಿಯಾಯಿತು.

ಆರ್ಲನ್ ಅಲ್ಲಾಡಿದಾಗಲೆಲ್ಲ ಅವನ ಒಂದು ಕಿವಿ ಮಾಯವಾಗಿ ಮತ್ತೆ ಬರುತ್ತಿದ್ದದ್ದನ್ನು ಎಲ್ಲರೂ ನೋಡಿದರು. ಅವನ ಮನೆಯ ಇಂಟರ್ನೆಟ್ ಸರಿಯಿಲ್ಲ ಎಂದುಕೊಂಡರು. ಪ್ರೊಫೆಸರ್‌ಗೆ ನೂರೈವತ್ತು ವರ್ಷದ ಹಿಂದಿನದೆಲ್ಲ ಗೊತ್ತಿತ್ತು. ಕಳೆದ ಐದು ವರ್ಷದ್ದು ಗೊತ್ತಿರಲಿಲ್ಲ.

ಆ ಸಂಜೆ ಮಾರ್ಲಿಸ್ ಭಾನುವಾರದವರೆಗೆ ಕಾಯಲಿಲ್ಲ. ತಾನೇ ಫಾರ್ಗೋಗೆ ಫೋನ್ ಮಾಡಿದಳು. ಆರ್ಲನ್ ಎದುರಿಗೇ ಕೂತಿದ್ದ.

"ನೀನು ಇವತ್ತು ಉಪನ್ಯಾಸಕ್ಕೆ ಬರ್ಬೇಕಿತ್ತು ವರ್ನಾ. ತಲೆ ಬಾಚ್ಸೋಕೆ ಹೋಗಿದ್ಯಂತೆ. ಆರ್ಲನ್ ಮಾಡಿರೋ ಕೋಣೆ ನೋಡಿ ಶಿಕಾಗೋ ಪ್ರೊಫೆಸರ್ ಮಾತು ನಿಲ್ಲಿಸಿಬಿಟ್ರು... ಹೌದು, ನಮ್ಮ ಆರ್ಲನ್‌ನೇ... ಇಲ್ಲ, ಕುಡ್ದಿಲ್ಲ ನಾನು... ಚಿತ್ರಾನಾ? ನಂಗೂ ಹೇಳಿರಲಿಲ್ಲ. ಹಳೇ ಸಾಮಾನಿನ ಸಂತೇಲಿ ತಂದಿರ್ತಾನೆ. ಅಲ್ಲಿಗೆ ಅಮ್ಮನ ತಟ್ಟೆ ಹಾಕಿದ್ರೆ ಎಷ್ಟು ಚೆನ್ನಾಗಿರೋದು ಅಂದ್ಕೊಂಡೆ. ಏನ್ಮಾಡೋದು, ನಿನ್ನ ಗ್ಯಾರೇಜಿಗೆ ಬೆಂಕಿ ಬಿದ್ದಾಗ ಸುಟ್ಟೋಯ್ತಲ್ಲ."

ಅಮ್ಮನ ತಟ್ಟೆ ಎಂದರೆ ಅವರ ಮುತ್ತಜ್ಜಿ ನಾರ್ವೆಯಿಂದ ತಂದ ಮರದ ತಟ್ಟೆ. ನೀಲಿ ಬಣ್ಣದ ಮೇಲೆ ಹೂಬಳ್ಳಿ ಬಿಡಿಸಿದ್ದು. ಹಲ್ಲು ಹುಟ್ಟುವಾಗ ಮಾರ್ಲಿಸ್ ಅದರ ಅಂಚು ಕಚ್ಚಿ ಒಂದು ಚೂರು ಹಾರಿಸಿದ್ದಳು.

ಫೋನ್ ಇಟ್ಟು ಮಾರ್ಲಿಸ್ ಗಂಡನ ಕಡೆ ತಿರುಗಿದಳು. "ಅವಳಿಗೆ ಉತ್ತರವೇ ಹೊರಡ್ಲಿಲ್ಲ ಕಣೋ. ಮದುವೆಯಾದಾಗಿನಿಂದ ಮೊದಲನೇ ಸಲ." ಅವಳ ಮುಖ ನೋಡಿ ಆರ್ಲನ್ ಹೇಳಬೇಕೆಂದಿದ್ದ ಮಾತನ್ನು ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಜೊತೆ ನುಂಗಿದ.

ಮರುದಿನ ಅವನು ಮಿಲ್ಟನ್‌ನನ್ನು ಬೇಲಿಯ ಬಳಿ ಹಿಡಿದು ನಿಜವನ್ನು ಬಿಡಿಸಿ ಹೇಳಿದ. "ಮಿಲ್ಟನ್, ಆ ಚಿತ್ರ ಇಲ್ವೇ ಇಲ್ಲ. ಕೋಣೇನೂ ಇಲ್ಲ. ಗೋಡೇನೂ ಇಲ್ಲ."

ಮಿಲ್ಟನ್ ಹಿಮ ತೋಡುವ ಸಲಿಕೆಯ ಮೇಲೆ ಒರಗಿ ಅವನನ್ನೇ ನೋಡಿದ. ಅವನ ಕಣ್ಣು ಒದ್ದೆಯಾಯಿತು. "ನಮ್ಮಪ್ಪ ಹೀಗೇ ಇದ್ದ. ಯುದ್ಧದಿಂದ ಪದಕ ತಗೊಂಡು ಬಂದು, ಬಾಟ್ಲಿ ಮುಚ್ಚಳ ಅಂತಿದ್ದ. ಶನಿವಾರ ಸಂಘದವ್ರೆಲ್ಲ ನೋಡೋಕೆ ಬರ್ತೀವಿ."

"ಬೇಡ."

"ಕಾಫಿ ನಾವೇ ತರ್ತೀವಿ."

"ಬೇಡ ಮಿಲ್ಟನ್!"

"ಹತ್ತು ಗಂಟೆಗೆ" ಎಂದ ಮಿಲ್ಟನ್. ಮೂರನೆಯದಕ್ಕೆ ಅವನು ಕಾಯಲಿಲ್ಲ. ಆಪ್ತರಲ್ಲಿ ಎರಡು ಸಾಕು.

ಶನಿವಾರದ ಹೊತ್ತಿಗೆ ಇನ್ನೊಂದು ಅನಾಹುತವಾಯಿತು. ಡಾಕ್ಟರು ಮಾರ್ಲಿಸ್‌ಗೆ ಅವಧಿಗೆ ಮುಂಚೆಯೇ ಮೆಟ್ಟಿಲಿಳಿಯಲು ಅಪ್ಪಣೆ ಕೊಟ್ಟರು.

ಸಂಘದವರು ಬಂದರು. ಕೊರಿನ್ ಬಂದಳು. ಶೆರಿಫ್ ಕಚೇರಿಯ ಡುವೇನ್ ಕ್ರೂಗರ್, ಅಮೂಲ್ಯ ವಸ್ತುವಿಗೆ ಬಂದೋಬಸ್ತು ಬೇಕಾಗುತ್ತದೆಂದು ಸಮವಸ್ತ್ರದಲ್ಲೇ ಬಂದ. ಮಾರ್ಲಿಸ್ ಕಂಬಿ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ಇಳಿದಳು. ಆರ್ಲನ್ ಎಲ್ಲರಿಗಿಂತ ಹಿಂದೆ, ಕೋಟು ಹಾಕಿಕೊಂಡೇ ಇಳಿದ. ಮನೆ ಬಿಟ್ಟು ಹೊರಡಬೇಕಾಗಿ ಬಂದರೆ ಸಿದ್ಧನಾಗಿರೋಣವೆಂದು.

ಮಾರ್ಲಿಸ್ ದೀಪದ ಗುಂಡಿ ಒತ್ತಿದಳು.

ಬಲೆ, ಫ್ರಿಜ್ಜು, ಟೈರು, ಜಾರುಬಂಡಿ. ಹಿಂದೆ ಬೋಳು ಸಿಮೆಂಟಿನ ಗೋಡೆ. ಆರ್ಲನ್ ಕಣ್ಣು ಮುಚ್ಚಿಕೊಂಡು, "ಮಾರ್ಲಿಸ್, ನಾನು..." ಎಂದು ಶುರುಮಾಡಿದ.

"ಕಳ್ಳರು!" ಎಂದು ಮಾರ್ಲಿಸ್ ಚೀರಿದಳು. "ಕಳ್ಳರು ನುಗ್ಗಿದಾರೆ!"

ಡುವೇನ್ ತಕ್ಷಣ ಎರಡೂ ಕೈ ಚಾಚಿ, "ಯಾರೂ ಏನೂ ಮುಟ್ಬೇಡಿ" ಎಂದ. ಹನ್ನೊಂದು ವರ್ಷದಿಂದ ಈ ಮಾತು ಹೇಳಲು ಅವನಿಗೆ ಅವಕಾಶ ಸಿಕ್ಕಿರಲಿಲ್ಲ. ಟಾರ್ಚು ಹಿಡಿದು ರಾಶಿಯ ಸುತ್ತ ಒಂದು ಸುತ್ತು ಬಂದ. "ಎಲ್ಲ ಕೆದಕಿ ಹಾಕಿದಾರೆ. ಚಿತ್ರ ಹೋಗಿದೆ. ದೀಪ ಹೋಗಿದೆ. ಕಪಾಟು ಹೋಗಿದೆ." ಗೋಡೆಯ ಮೇಲೆ ಕೈಯಾಡಿಸಿದ. "ಓಕ್ ಹಲಗೇನೂ ಕಿತ್ಕೊಂಡು ಹೋಗಿದಾರೆ. ಮೊಳೆ ಗುರುತೂ ಬಿಟ್ಟಿಲ್ಲ. ಪಳಗಿದ ಕೈ."

"ಈ ಟೈರುಗಳು?" ಎಂದ ಮಿಲ್ಟನ್.

"ಅವ್ರದ್ದೇ. ಅವಸರದಲ್ಲಿ ಬಿಟ್ಟು ಓಡಿದಾರೆ."

"ಡುವೇನ್, ಕಳ್ಳತನ ಆಗಿಲ್ಲ ಕಣಯ್ಯ" ಎಂದು ಆರ್ಲನ್ ಗೋಗರೆದ. "ಇದೆಲ್ಲ ನಂದೇ. ಇದು ಯಾವಾಗ್ಲೂ ಹೀಗೇ ಇತ್ತು."

ಎಲ್ಲರೂ ಅವನ ಕಡೆ ತಿರುಗಿದರು. ಡುವೇನ್ ಟೋಪಿ ತೆಗೆದ. "ನೋಡ್ರಪ್ಪ. ಕಳ್ಳರನ್ನೂ ಹಿಡ್ಕೊಡೋಕೆ ಮನಸ್ಸು ಬರ್ತಿಲ್ಲ ಇವ್ರಿಗೆ."

ಆಮೇಲೆ ಊರು ತನಗೆ ಗೊತ್ತಿರುವ ಎರಡು ಕೆಲಸ ಮಾಡಿತು. ಮೊದಲನೆಯದು ಹಾಟ್‌ಡಿಶ್. ಸಂಜೆಯೊಳಗೆ ಬ್ರೆಕೆಯವರ ಫ್ರಿಜ್ಜು ತುಂಬಿ, ಉಳಿದ ಪಾತ್ರೆಗಳನ್ನು ಹಿತ್ತಿಲ ಹಿಮದಲ್ಲಿ ಹೂಳಬೇಕಾಯಿತು. ಎರಡನೆಯದು ರಿಪೇರಿ. ಗಂಡಸರು ಗರಗಸ, ಹಲಗೆ ಹೊತ್ತು ಬಂದರು. ಕೊರಿನ್ ಉಪನ್ಯಾಸದ ರೆಕಾರ್ಡಿಂಗ್ ತಂದು ಆರ್ಲನ್‌ನ ಚೌಕವನ್ನು ದೊಡ್ಡದು ಮಾಡಿ ತೋರಿಸಿದಳು. ಅದನ್ನು ನೋಡಿಕೊಂಡೇ ಅಳತೆ ಹಿಡಿದರು. ಯಾರೋ ಹಿತ್ತಾಳೆಯ ದೀಪ ಕೊಟ್ಟರು. ಪಾದ್ರಿ ಕಪಾಟು ಕಳಿಸಿದರು. ಕಳ್ಳರು ಬಿಟ್ಟುಹೋದ ಸಾಮಾನನ್ನೆಲ್ಲ ಸಾಕ್ಷ್ಯವೆಂದು ಡುವೇನ್ ಆರ್ಲನ್‌ನ ಗ್ಯಾರೇಜಿಗೆ ಸಾಗಿಸಿ ಬೀಗ ಹಾಕಿದ. ಕಾರು ಹಿಮದಲ್ಲಿ ನಿಂತಿತು. ಆರ್ಲನ್ ಪ್ರತಿ ಹಲಗೆಗೂ ಮೂರು ಮೂರು ಸಲ ಬೇಡವೆಂದ. ಊರಿಗೆ ಅವನ ಮೇಲೆ ಗೌರವ ಬೆಳೆಯಿತು.

ಗುರುವಾರದ ಹೊತ್ತಿಗೆ ಕೋಣೆ ತಯಾರಾಗಿತ್ತು. ಪರದೆಯ ಮೇಲೆ ಹೇಗಿತ್ತೋ ಹಾಗೇ. ನಡುವೆ ಚಿತ್ರವಿದ್ದ ಜಾಗವನ್ನು ಮಾತ್ರ ಚೌಕವಾಗಿ ಗುರುತಿಸಿ ಖಾಲಿ ಬಿಟ್ಟಿದ್ದರು.

ಆ ಗುರುವಾರ ಗ್ರಂಥಾಲಯದ ವಿಶೇಷ ಉಪನ್ಯಾಸ: "ಕಳುವಾದ ಹಸು." ಪಕ್ಕದ ಮೂರು ಜಿಲ್ಲೆಯ ಜನ ಸೇರಿಕೊಂಡರು. ಕೊರಿನ್‌ಗೆ ಮೈಕ್ ಮುಚ್ಚಿಸಿ ಮುಚ್ಚಿಸಿ ಸಾಕಾಗಿತ್ತು. ಯಾರದೋ ಮನೆಯಲ್ಲಿ ಒಗ್ಗರಣೆಯಂಥ ಸದ್ದು, ಯಾರದೋ ನಾಯಿ. ಆರ್ಲನ್ ತನ್ನ ಹೊಸ ಕೋಣೆಯಲ್ಲಿ, ಖಾಲಿ ಚೌಕದ ಕೆಳಗೆ, ಸಾವಿನ ಮನೆಯವನಂತೆ ಕೂತಿದ್ದ. ಮಾರ್ಲಿಸ್ ಮೇಲೆ ಅಡುಗೆಮನೆಯಿಂದ ನೋಡುತ್ತಿದ್ದಳು.

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡು "ಈ ದುಃಖದ ಸಂದರ್ಭದಲ್ಲಿ" ಎನ್ನುವಷ್ಟರಲ್ಲಿ ಹೊಸ ಚೌಕವೊಂದು ತೆರೆಯಿತು. ಅದರಲ್ಲಿ ಕೂದಲು ಬಾಚಿಸಿಕೊಂಡ, ಮುತ್ತಿನ ಸರ ಹಾಕಿದ ಹೆಂಗಸು. ಹಿಂದೆ ಓಕ್ ಹಲಗೆಯ ಗೋಡೆ. ಎಡಕ್ಕೆ ಹಿತ್ತಾಳೆಯ ದೀಪ. ಬಲಕ್ಕೆ ಕಪಾಟು. ನಡುವೆ ಚಿನ್ನದ ಚೌಕಟ್ಟಿನಲ್ಲಿ ಸರೋವರ, ಮರ, ಬೆನ್ನು ಹಾಕಿ ನಿಂತ ಹಸು.

"ಎಲ್ರಿಗೂ ನಮಸ್ಕಾರ. ನಾನು ವರ್ನಾ, ಫಾರ್ಗೋದಿಂದ" ಎಂದಳು ಹೆಂಗಸು. "ಮಾರ್ಲಿಸ್, ಇದು ನನ್ನ ದಿವಾನಖಾನೆ. ನೀನು ನೋಡಿರಲಿಲ್ಲ ಅಲ್ವಾ?"

ಇಷ್ಟು ದಿನ "ನನ್ನ ಕ್ಯಾಮೆರಾ ಕೆಟ್ಟಿದೆ" ಎಂದು ಮುಖ ತೋರಿಸದ ವರ್ನಾ, ತಂಗಿಯ ಕೋಣೆಯ ವರ್ಣನೆ ಕೇಳಿ ನಿದ್ದೆಗೆಟ್ಟು, ಭಾನುವಾರದ ಫೋನನ್ನೂ ಬಿಟ್ಟು ಕಳುವಿನ ಸುದ್ದಿಯೇ ತಿಳಿಯದೆ, ಕಂಪ್ಯೂಟರಿನ ಹಿನ್ನೆಲೆಗಳಲ್ಲಿ ಇದ್ದುದರಲ್ಲಿ ಒಳ್ಳೆಯ ಗೋಡೆಯನ್ನು ಆರಿಸಿಕೊಂಡು ಬಂದಿದ್ದಳು.

ನಾಯಿ ಕೂಡ ಬೊಗಳುವುದನ್ನು ನಿಲ್ಲಿಸಿತು.

"ವರ್ನಾ," ಎಂದಳು ಮಾರ್ಲಿಸ್, "ಅಷ್ಟೊಂದು ಹೊಟ್ಟೆಕಿಚ್ಚೇನೇ ನಿಂಗೆ?"

"ಏನು ಹೊಟ್ಟೆಕಿಚ್ಚು?"

"ಮೇಡಂ, ಜಾಗ ಬಿಟ್ಟು ಅಲ್ಲಾಡ್ಬೇಡಿ" ಎಂದ ಡುವೇನ್. "ಫಾರ್ಗೋ ಪೊಲೀಸರಿಗೆ ಫೋನ್ ಮಾಡ್ತಾ ಇದೀನಿ."

"ಪೊಲೀಸಾ! ಆರ್ಲನ್, ಏನೋ ಇದು?"

ಆರ್ಲನ್‌ಗೆ ಅವಳ ಮೇಲೆ ಪ್ರೀತಿಯೇನೂ ಇರಲಿಲ್ಲ. ಒಂದು ಕ್ಷಣ ಸುಮ್ಮನಿರೋಣ ಎನಿಸಿದ್ದೂ ನಿಜ. ಆದರೆ ತನ್ನ ಸೋಮಾರಿತನಕ್ಕೆ ಹೆಂಡತಿಯ ಅಕ್ಕ ಜೈಲಿಗೆ ಹೋಗುವುದು ಅತಿಯಾಯಿತು ಎನಿಸಿತು. ಎದ್ದು ನಿಂತ. "ನಿಲ್ಲಿ! ಆ ಚಿತ್ರ ಅವಳು ಕದ್ದಿಲ್ಲ. ಅದು ಗೋಡೆ ಮೇಲಿರೋದಲ್ಲ, ಕಂಪ್ಯೂಟರಿನೊಳಗಿರೋದು."

"ಎಂಥಾ ದೊಡ್ಡ ಮನಸ್ಸು" ಎಂದು ಪಾದ್ರಿಯ ಹೆಂಡತಿ ಕಣ್ಣೊರೆಸಿಕೊಂಡಳು.

"ದೊಡ್ಡ ಮನಸ್ಸಲ್ಲ! ನೋಡಿ!" ಆರ್ಲನ್ ಗುಂಡಿ ಒತ್ತಿದ. ಅವನ ಹಿಂದಿನ ಖಾಲಿ ಚೌಕದಲ್ಲಿ ಹಸು ಪ್ರತ್ಯಕ್ಷವಾಯಿತು. ಗೋಡೆ ಅದೇ, ದೀಪ ಅದೇ, ಕಪಾಟು ಅದೇ. ಊರಿನವರು ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದರು.

"ವಾಪಸ್ ಬಂತು!" ಎಂದು ಪ್ರೊಫೆಸರ್ ಕೂಗಿದರು.

ಮತ್ತೆ ಒತ್ತಿದ. ಹಸು ಹೋಯಿತು.

"ಮತ್ತೆ ಕದ್ರು!" ಎಂದ ಯಾರೋ.

ಒತ್ತಿದ, ಬಂತು. ಒತ್ತಿದ, ಹೋಯಿತು. ಒತ್ತಿದ, ಬಂತು. ಇನ್ನು ತಾಳಲಾರದೆ ಮಿಲ್ಟನ್ ತನ್ನ ಚೌಕ ಖಾಲಿಮಾಡಿ ಓಡಿದ. ಅವನು ಕಾಲುಚೀಲದಲ್ಲೇ ಹಿಮ ದಾಟಿ, ಬ್ರೆಕೆಯವರ ಅಡುಗೆಮನೆ ಹೊಕ್ಕು, ಮೆಟ್ಟಿಲು ಧಡಧಡ ಇಳಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಆರ್ಲನ್‌ನ ಚೌಕದಲ್ಲಿ ಒಂದು ಮೂಗು ಕಂಡಿತು. ಮೂಗಿನ ಹಿಂದೆ ಮುಖವಿರಲಿಲ್ಲ. ಗಾಳಿಯಲ್ಲಿ ಒಂದು ಕೈ ತೇಲಿಬಂದು ಹಸುವಿನ ಮೇಲೆ ಕೂತಿತು, ಹಸುವಿನೊಳಗೆ ಇಳಿದು ಮಾಯವಾಯಿತು.

"ಇಲ್ಲೇನೂ ಇಲ್ಲ" ಎಂದಿತು ಮಿಲ್ಟನ್‌ನ ಮೂಗು. ಈ ಸಲ ಆ ಮಾತಿಗೆ ಇದ್ದ ಅರ್ಥ ಅಷ್ಟೇ. "ಬರೀ ಹಲಗೆ. ನಾನೇ ಹೊಡೆದದ್ದು."

ಊರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಯಾರಿಗೆ ಯಾರ ಮುಖ ನೋಡಬೇಕೋ ತಿಳಿಯಲಿಲ್ಲ. ಪ್ರೊಫೆಸರ್ ತಮ್ಮ ಕ್ಯಾಮೆರಾ ಆರಿಸಿದರು. ಕೊರಿನ್ ಮಾತ್ರ ಉಗುರು ನೋಡಿಕೊಳ್ಳುತ್ತಿದ್ದಳು. ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತಂತೆ. ಆದರೆ ಗ್ರಂಥಾಲಯದ ಉಪನ್ಯಾಸಕ್ಕೆ ಇಷ್ಟು ಜನ ಸೇರಿದ್ದನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

"ಹಾಗಾದ್ರೆ ಮೇಡಂ, ನಿಮ್ಮದೂ ಹೀಗೇನಾ?" ಎಂದು ಡುವೇನ್ ವರ್ನಾಳನ್ನು ಕೇಳಿದ.

ಬುದ್ಧಿಯಿದ್ದವಳು ಹೌದೆನ್ನುತ್ತಿದ್ದಳು. ವರ್ನಾ ಗಲ್ಲ ಎತ್ತಿದಳು. "ಅವನದ್ದು ನಕಲಿ ಇರ್ಬಹುದು. ನಂದು ಅಸಲಿ."

"ಅಸಲಿ ಆದ್ರೆ ಪೊಲೀಸರು ಬಂದು ನೋಡ್ಬೇಕಾಗತ್ತೆ. ನಕಲಿ ಆದ್ರೆ ಗುಂಡಿ ಒತ್ತಿ. ನೀವು ಕಳ್ಳಿನೋ ಸುಳ್ಳಿನೋ, ಎರಡರಲ್ಲಿ ಒಂದು ಹೇಳಿ ಮೇಡಂ, ನಾನು ಊಟಕ್ಕೆ ಹೋಗ್ಬೇಕು."

"ಎಡಗಡೆ ಕೆಳಗೆ ಬಾಣದ ಗುರುತಿದೆ ನೋಡು ವರ್ನಾ" ಎಂದು ಆರ್ಲನ್ ಅನುಭವಸ್ಥನಂತೆ ಸಹಾಯ ಮಾಡಿದ.

ವರ್ನಾ ಇಡೀ ಊರನ್ನು ದುರುಗುಟ್ಟಿ ನೋಡಿದಳು. ಪೊಲೀಸರು ತನ್ನ ಮನೆಯ ಹೊಸ್ತಿಲು ದಾಟುವುದನ್ನು ಕಣ್ಣಮುಂದೆ ತಂದುಕೊಂಡಳೋ ಏನೋ. ಒತ್ತಿದಳು.

ಅವಳ ಹಿಂದೆ ಅಂಗಡಿಯ ಚೀಲಗಳು, ಬಿಚ್ಚದ ರಟ್ಟಿನ ಪೆಟ್ಟಿಗೆಗಳು, ಬಟ್ಟೆಯ ಗುಡ್ಡ, ಮೂರು ಕಾಲಿನ ಕುರ್ಚಿ. ಆರ್ಲನ್‌ನ ಹಳೆಯ ನೆಲಮಾಳಿಗೆ ಇದರ ಮುಂದೆ ದೇವಸ್ಥಾನ. ಆ ಗುಡ್ಡದ ಮೇಲೆ, ಗೋಡೆಯಲ್ಲಿ ಉಳಿದಿದ್ದ ಒಂದೇ ಒಂದು ಖಾಲಿ ಜಾಗದಲ್ಲಿ, ನೀಲಿ ಬಣ್ಣದ ದುಂಡನೆಯ ಮರದ ತಟ್ಟೆ ತೂಗುತ್ತಿತ್ತು. ಅಂಚಿನಲ್ಲಿ ಒಂದು ಚೂರು ಇರಲಿಲ್ಲ.

ಅಡುಗೆಮನೆಯಲ್ಲಿ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು.

"ವರ್ನಾ" ಎಂದಳು ಮಾರ್ಲಿಸ್. "ಆ ತಟ್ಟೆ ಸುಟ್ಟೋಗಿತ್ತಲ್ಲ."

ವರ್ನಾ ತಿರುಗಿ ನೋಡಿದಳು. ಮತ್ತೆ ಮುಂದೆ ತಿರುಗಿದಳು. "ಇದಾ? ಇದೇನೂ ಇಲ್ಲ ಬಿಡೇ" ಎಂದಳು.

"ಮೇಡಂ," ಎಂದು ಡುವೇನ್ ನಿಟ್ಟುಸಿರು ಬಿಟ್ಟ, "ನಾನು ಎರಡರಲ್ಲಿ ಒಂದು ಅಂದಿದ್ದೆ."

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹೊಸ ಮಂಡಿಯ ಹೆಜ್ಜೆ, ನಿಧಾನ, ಆದರೆ ಗುರಿಯಿದ್ದದ್ದು. ಮಿಲ್ಟನ್‌ನ ಮೂಗು ಪರದೆಯಿಂದ ಜಾರಿಕೊಂಡಿತು. ಆರ್ಲನ್ ಕಣ್ಣು ಮುಚ್ಚಿದ. ಎಲ್ಲ ಚೌಕಗಳೂ ಮುಂದಕ್ಕೆ ಬಾಗಿದವು.

"ಇಡೀ ಚಳಿಗಾಲ ಪೈಪಿಗೆ ಹೊಡೀತಿದ್ಯಾ?" ಎಂದು ಮಾರ್ಲಿಸ್ ಕೇಳಿದಳು.

"ಹೂಂ" ಎಂದ ಆರ್ಲನ್.

"ನಿನ್ನ ವಿಚಾರ ಆಮೇಲೆ. ಮೊದ್ಲು ಕಾರಿನ ಮೇಲಿರೋ ಹಿಮ ಕೆರಿ. ಫಾರ್ಗೋಗೆ ಹೋಗ್ಬೇಕು."

ಅವನ ವಿಚಾರ ಫಾರ್ಗೋವರೆಗೂ ನಡೆಯಿತು, ಬರುವಾಗಲೂ ನಡೆಯಿತು. ತೀರ್ಪು ಇಷ್ಟು: ಒರಗುಕುರ್ಚಿ ಇನ್ನು ಮಾರ್ಲಿಸ್‌ದು. ಗ್ಯಾರೇಜಿನ ಸಾಕ್ಷ್ಯವನ್ನು ಆರ್ಲನ್ ಒಬ್ಬನೇ ಖಾಲಿ ಮಾಡಬೇಕು. ಊರಿನ ಪ್ರತಿ ಮನೆಗೂ ಹಾಟ್‌ಡಿಶ್ ಪಾತ್ರೆ ತೊಳೆದು ತಲುಪಿಸಿ ತಪ್ಪೊಪ್ಪಿಕೊಳ್ಳಬೇಕು. ಅವನು ಮನೆ ಮನೆಗೆ ಹೋಗಿ ಕ್ಷಮೆ ಕೇಳಿದ. ಜನ "ಅಯ್ಯೋ, ಅದಕ್ಯಾಕೆ" ಎಂದು ಮೂರು ಸಲ ಹೇಳಿದರು. ನಾಲ್ಕನೆಯ ಸಲ ಕೇಳಿದಾಗ, "ಹೂಂ, ಕೇಳ್ಬೇಕಾದ್ದೇ" ಎಂದು ಸ್ವೀಕರಿಸಿದರು. ಭಾನುವಾರದ ಫೋನು ಈಗ ಮಾರ್ಲಿಸ್ ಮಾಡುತ್ತಾಳೆ. ವರ್ನಾ ಕೇಳಿಸಿಕೊಳ್ಳುತ್ತಾಳೆ.

ಚೌಕದ ಜಾಗದಲ್ಲಿ ದುಂಡನೆಯ ತಟ್ಟೆ ಸರಿಯಾಗಿ ಕೂರಲಿಲ್ಲ. ಆರ್ಲನ್ ನೇತುಹಾಕಿದ್ದರಿಂದ ಸ್ವಲ್ಪ ಎಡಕ್ಕೆ ವಾಲಿಯೂ ಇದೆ. ಮುಂದಿನ ಗುರುವಾರ ಗಂಡ ಹೆಂಡತಿ ಒಂದೇ ಲ್ಯಾಪ್‌ಟಾಪಿನ ಮುಂದೆ ಅದರ ಕೆಳಗೆ ಕೂತರು. ಅವಳು ಕುರ್ಚಿಯಲ್ಲಿ, ಅವನು ಸ್ಟೂಲಿನ ಮೇಲೆ. ಉಪನ್ಯಾಸ ಶುರುವಾಗುವ ಮುಂಚೆ ಐಯೋವಾದಿಂದ ಹೊಸದಾಗಿ ಸೇರಿದ್ದ ಒಬ್ಬ ಅವರ ಚೌಕ ನೋಡಿ, "ನಿಮ್ಮ ಹಿನ್ನೆಲೆ ಚಿತ್ರ ಬಹಳ ಚೆನ್ನಾಗಿದೆ. ಯಾವ ಪಟ್ಟಿಯಲ್ಲಿ ಸಿಗತ್ತೆ? ಆ ತಟ್ಟೆ ಅಂತೂ ನಿಜವಾದ್ದೇ ಅನ್ನೋ ಹಾಗಿದೆ" ಎಂದ.

ಮಾರ್ಲಿಸ್ ಕುರ್ಚಿಯಿಂದ ಎದ್ದಳು. ಹೊಸ ಮಂಡಿಯನ್ನು ನೆಟ್ಟಗೆ ಮಾಡಿ ಕೈ ಎತ್ತಿ, ತಟ್ಟೆಯ ಮೇಲೆ ಬೆರಳ ಗಿಣ್ಣಿನಿಂದ ಟಕ್ ಟಕ್ ಟಕ್ ಎಂದು ಬಡಿದು, ಐಯೋವಾದವನಿಗೆ ಮುತ್ತಜ್ಜಿಯಿಂದ ಹಿಡಿದು ಎಲ್ಲ ಹೇಳಿದಳು.

ಅವರ ಮೈಕ್ ಆಫ್ ಆಗಿತ್ತು.